ಅರ್ಧ ಬಾಗಿಲು, ಮೂವತ್ತೊಂದು, ಎಂ

ಎಲಿಕೆಮ್ ತನ್ನ ಹೆಸರನ್ನು ಒಂದು ಸಲ ಹಸಿರು ಬಣ್ಣದಲ್ಲಿ ನೋಡಬೇಕೆಂದು ಆಸೆಪಟ್ಟದ್ದೇ ಎಲ್ಲದಕ್ಕೂ ಮೂಲವಾಯಿತು.

ಕೇತಾ ಎಂಬ ಕಡಲತೀರದ ಊರಿನಲ್ಲಿ, ಹಿನ್ನೀರಿನ ದಂಡೆಗೆ ಅಂಟಿಕೊಂಡಿದ್ದ ಸಣ್ಣ ರೇಡಿಯೋ ನಿಲಯವೊಂದರಲ್ಲಿ ಅವನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಬೆಳಗ್ಗೆ ಬಂದ ಕೂಡಲೇ ಕಪ್ಪು ಪರದೆಯ ಮೇಲೆ ಅಂದಿನ ನೌಕರರ ಪಟ್ಟಿ ಮೂಡುವಂತೆ ಒಂದು ಸ್ಕ್ರಿಪ್ಟ್, ಅಂದರೆ ಯಂತ್ರಕ್ಕೆ ಸಾಲುಸಾಲು ಆಜ್ಞೆ, ಬರೆದಿದ್ದ. ಎಲ್ಲ ಹೆಸರುಗಳೂ ಬಿಳಿ. ಅವನ ಹೆಸರಿನ ಮುಂದೆ ಮಾತ್ರ ‘ಹಂಗಾಮಿ’ ಎಂಬ ಒಂದು ಬಾಲ. ಆ ಬಾಲಕ್ಕೆ ಈ ಸೋಮವಾರಕ್ಕೆ ಸರಿಯಾಗಿ ಮೂರು ವರ್ಷ ತುಂಬುತ್ತಿತ್ತು. ಮೂರು ವರ್ಷದ ಕೊನೆಯ ದಿನ ಸಂಜೆ ಏಳರೊಳಗೆ ಒಂದೋ ಕಾಯಂ ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು ಎಂಬುದು ನಿಲಯದ ನಿಯಮ.

“ಕೇಳಿಲ್ಲಿ ಎಲಿಕೆಮ್,” ಎಂದಿದ್ದರು ಮೇಡಂ ಅಕ್ಪೆನೆ, ಆ ಸೋಮವಾರ ಬೆಳಗ್ಗೆ ಚಪ್ಪಲಿ ಬಿಡುವ ಮೊದಲೇ. ಅವರು ನಿಲಯದ ಮುಖ್ಯಸ್ಥೆ; ಚರ್ಚಿನಲ್ಲಿ ಮೊದಲ ಸಾಲಿನ ಹಿರಿಯರು. “ನಿನ್ನ ಕಾಗದ ಟೈಪ್ ಆಗಿದೆ, ಡ್ರಾಯರ್‌ನಲ್ಲಿದೆ. ಇವತ್ತೊಂದು ದಿನ, ಒಂದೇ ಒಂದು ದಿನ, ಪ್ರಕಟಣೆಗಳು ತಪ್ಪಿಲ್ಲದೆ ಹೋಗ್ಲಿ. ಸಂಜೆ ಸಹಿ ಹಾಕ್ತೀನಿ. ತಪ್ಪಾಯ್ತೋ, ಅಕ್ರಾದಿಂದ ನಮ್ಮಣ್ಣನ ಮಗನ್ನ ಕರೆಸ್ತೀನಿ.”

“ಆಗ್ಲಿ ಮೇಡಂ.”

“ಕಿಟಕಿ ಆಚೆ ನೋಡ್ತಾ ಕೂತ್ಕೋಬೇಡ.”

“ಇಲ್ಲ ಮೇಡಂ,” ಎಂದ ಎಲಿಕೆಮ್, ಕಿಟಕಿಯ ಆಚೆ ನೋಡುತ್ತ.

ಆಚೆ ಹಿನ್ನೀರು ಮಲಗಿತ್ತು. ಒಂದು ದೋಣಿ ತನ್ನದೇ ನೆರಳಿನ ಮೇಲೆ ಕೂತಂತೆ ನಿಂತಿತ್ತು. ಎಲಿಕೆಮ್‌ನ ಕಣ್ಣಿಗೆ ಎಲ್ಲವೂ ಮೊದಲು ಬಣ್ಣವಾಗಿ ಕಾಣಿಸಿ, ಆಮೇಲೆ ನಿಧಾನವಾಗಿ ವಸ್ತುವಾಗುತ್ತಿತ್ತು. ಇಂಥ ಕಣ್ಣಿನವನು ಮೂರು ವರ್ಷ ಕಪ್ಪು ಪರದೆಯ ಬಿಳಿ ಅಕ್ಷರಗಳನ್ನು ನೋಡಿಕೊಂಡು ಬದುಕಿದ್ದೇ ದೊಡ್ಡದು.

ಮೊದಲು ತನ್ನ ಹೆಸರನ್ನು ಹಸಿರು ಮಾಡಿದ. ಹೆಸರಿನ ಹಿಂದೆ ಒಂದು ಚೌಕ ಕಂಸ, ಮೂವತ್ತೆರಡು, ಇಂಗ್ಲಿಷಿನ ಎಂ, ಹೀಗೊಂದು ಗುರುತು ಹಾಕಿದರೆ ಯಂತ್ರ ಆ ಗುರುತನ್ನು ನುಂಗಿ ಹಸಿರನ್ನು ಕೊಡುತ್ತದೆ. ಸಾಲು ಮುಗಿದ ಮೇಲೆ ಹಾಗೇ ಸೊನ್ನೆ ಹಾಕಿದರೆ ಬಣ್ಣ ಅಲ್ಲಿಗೆ ನಿಲ್ಲುತ್ತದೆ. ಕಪ್ಪು ಪರದೆಯ ಮೇಲೆ ಅವನ ಹೆಸರು ಮಳೆ ಬಿದ್ದ ಮಾರನೆಯ ದಿನದ ಈರುಳ್ಳಿ ಮಡಿಯಂತೆ ಎದ್ದು ನಿಂತಿತು. ‘ಹಂಗಾಮಿ’ ಎಂಬುದೂ ಹಸಿರಾಗಿತ್ತು. ಆ ಬಣ್ಣದಲ್ಲಿ ಅದೂ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ.

ಪ್ರಕಟಣೆಗಳದು ಇನ್ನೊಂದು ಸ್ಕ್ರಿಪ್ಟ್. ಊರಿನವರು ಫೋನಿನಲ್ಲಿ ಕಳಿಸಿದ ಸಾವು, ನಾಮಕರಣ, ಕಳೆದುಹೋದ ಮೇಕೆ, ಸಮುದ್ರದ ಉಬ್ಬರ, ಎಲ್ಲವನ್ನೂ ಅದು ಸಾಲಾಗಿ ಜೋಡಿಸಿ ಪರದೆಗೆ ಒಂದು ಪ್ರತಿ, ಪಕ್ಕದ ಕೋಣೆಯ ಪ್ರಿಂಟರಿಗೆ ಒಂದು ಪ್ರತಿ ಕಳಿಸುತ್ತಿತ್ತು. ಹುಟ್ಟಿದ ಮಗುವೂ ಬಿಳಿ, ಸತ್ತ ಅಜ್ಜನೂ ಬಿಳಿ, ಮೇಕೆಯೂ ಬಿಳಿ. ಇದು ಅನ್ಯಾಯ ಅನಿಸಿತು ಎಲಿಕೆಮ್‌ಗೆ. ಸಾವಿಗೆ ಕೆಂಪು ಕೊಟ್ಟ, ಮೂವತ್ತೊಂದು. ನಾಮಕರಣಕ್ಕೆ ಹಸಿರು. ಮೇಕೆಗೆ ಹಳದಿ, ಮೂವತ್ತಮೂರು. ಸಮುದ್ರಕ್ಕೆ ನೀಲಿ, ಮೂವತ್ತನಾಲ್ಕು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಸ್ಕ್ರಿಪ್ಟ್ ಓಡಿಸಿದ. ಸಂಜೆಯ ಹಿನ್ನೀರನ್ನೇ ಯಾರೋ ಮಡಚಿ ಪರದೆಯೊಳಗೆ ಇಟ್ಟಂತಾಯಿತು. ಕೈಯಲ್ಲಿದ್ದ ಹುರಿದ ಮೀನು ತಣ್ಣಗಾಗುವವರೆಗೂ ನೋಡುತ್ತ ಕುಳಿತ.

ಪ್ರಿಂಟರಿಗೆ ಬಣ್ಣ ನುಂಗಲು ಬರುವುದಿಲ್ಲ ಎಂಬುದು ಅವನಿಗೆ ನೆನಪಾಗಲಿಲ್ಲ. ಅದು ಕಪ್ಪು ಶಾಯಿಯ ಹಳೇ ಪ್ರಿಂಟರ್. ಅಂಕಿ ಕೊಟ್ಟರೆ ಅಂಕಿಯನ್ನೇ ಬರೆಯುತ್ತದೆ.

ಆ ಪ್ರತಿಯನ್ನು ಓದುವವರು ಎಫೋ ಗಾಮೆಲಿ; ‘ಎಫೋ’ ಎಂದರೆ ಆ ಕಡೆಯ ಮಾತಿನಲ್ಲಿ ಅಣ್ಣ. ಇಪ್ಪತ್ತಾರು ವರ್ಷದಿಂದ ಊರಿನ ಸಾವುಗಳನ್ನು ಓದುತ್ತ ಬಂದವರು. ಅವರ ಧ್ವನಿ ಕೇಳಲಿಕ್ಕಾಗಿಯೇ ಸಾಯಬಹುದು ಎಂದು ಮುದುಕಿಯರು ಹೇಳುತ್ತಿದ್ದರು. ಅವರಿಗೆ ಒಂದು ವ್ರತವಿತ್ತು. ಹಿಂದೊಮ್ಮೆ ‘ಮೂರು ಕೊಂಬಿನ ಮೇಕೆ ಕಳೆದಿದೆ’ ಎಂದು ಕಾಗದದಲ್ಲಿ ಬಂದಿತ್ತು. ಇವರು ನಕ್ಕು, ಎರಡು ಕೊಂಬು ಎಂದು ತಿದ್ದಿ ಓದಿದರು. ಮೇಕೆಗೆ ನಿಜವಾಗಿಯೂ ಮೂರು ಕೊಂಬಿತ್ತು. ಅದರ ಯಜಮಾನ ನಾಲ್ಕು ದಿನ ನಿಲಯದ ಗೇಟಿನಲ್ಲಿ ಕೂತು ಅತ್ತ. ಅಂದಿನಿಂದ ಕಾಗದದಲ್ಲಿ ಏನಿದೆಯೋ ಅದನ್ನೇ ಓದುವುದು, ಒಂದು ಚುಕ್ಕೆಯನ್ನೂ ಬಿಡದೆ.

ಹನ್ನೆರಡು ಹೊಡೆಯಿತು. ರೇಡಿಯೋದಲ್ಲಿ ಗಂಟೆ, ಡೋಲು, ಆಮೇಲೆ ಆ ಧ್ವನಿ.

“ಅರ್ಧ ಬಾಗಿಲು. ಮೂವತ್ತೊಂದು. ಎಂ. ಅನ್ಲೋಗಾದ ಈರುಳ್ಳಿ ಬೆಳೆಗಾರರೂ ಹದಿನೇಳು ಮಂದಿಗೆ ತಾತನೂ ಆದ ಹಿರಿಯರು ತೀರಿಕೊಂಡಿದ್ದಾರೆ. ಅರ್ಧ ಬಾಗಿಲು. ಸೊನ್ನೆ. ಎಂ.”

ಎಲಿಕೆಮ್‌ನ ಕೈಯಿಂದ ಮೀನು ಬಿತ್ತು. ಅಂಕಿಯ ಹಿಂದಿನ ಚೌಕ ಕಂಸ ಗಾಮೆಲಿಯವರ ಕಣ್ಣಿಗೆ ಅರ್ಧ ಬಾಗಿಲಾಗಿ ಕಂಡಿತ್ತು. ನೋಡಿದರೆ ಅದು ಹಾಗೇ ಇದೆ, ಅವರದೇನೂ ತಪ್ಪಿಲ್ಲ.

“ಅರ್ಧ ಬಾಗಿಲು. ಮೂವತ್ತಮೂರು. ಎಂ. ಕಂದು ಮೇಕೆಯೊಂದು, ಕೊಂಬು ಎರಡು...”

ಎಲಿಕೆಮ್ ಓಡಿದ. ಸ್ಟುಡಿಯೋದ ಹೊರಗೆ ಕೆಂಪು ದೀಪ ಉರಿಯುತ್ತಿತ್ತು, ಒಳಗೆ ಹೋಗುವಂತಿಲ್ಲ. ಗಾಜಿನಾಚೆಯಿಂದ ಎರಡೂ ಕೈಗಳನ್ನು ಅಡ್ಡಡ್ಡ ಬೀಸಿದ. ಗಾಮೆಲಿ ಕನ್ನಡಕದ ಮೇಲಿಂದ ನೋಡಿ ತಲೆಯಾಡಿಸಿದರು. ಜನಕ್ಕೆ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಹುಡುಗ ಹೇಳುತ್ತಿದ್ದಾನೆ ಎಂದುಕೊಂಡರು.

“ಕೇಳುಗರೇ, ಇನ್ನೊಮ್ಮೆ ನಿಧಾನವಾಗಿ ಓದ್ತೀನಿ. ಮೂವ-ತ್ತೊಂ-ದು.”

ಎಲಿಕೆಮ್ ತಲೆಯ ಮೇಲೆ ಕೈ ಹೊತ್ತು ನೆಲಕ್ಕೆ ಕುಸಿದ. ಗಾಮೆಲಿಯವರಿಗೆ ಅದು ದುಃಖದಂತೆ ಕಂಡಿತು. ತೀರಿಕೊಂಡವರು ಇವನ ನೆಂಟರಿರಬೇಕು ಎಂದುಕೊಂಡು ಅದೇ ಸಾವನ್ನು ಮೂರನೆಯ ಸಲ ಓದಿದರು.

ನಿಲಯದ ಎದುರು ರಸ್ತೆಯಾಚೆ, ಊರೆಲ್ಲ ‘ದಾವಿ’, ಅಂದರೆ ಅಕ್ಕ, ಎಂದು ಕರೆಯುವ ಯಾಯ್ರಾಳ ಲಾಟರಿ ಗೂಡು. ಹಳದಿ ಹಲಗೆಯ ಪೆಟ್ಟಿಗೆ, ಒಳಗೆ ಯಾಯ್ರಾ, ಅವಳ ಮಡಿಲಲ್ಲಿ ರೇಡಿಯೋ. ಒಂದರಿಂದ ತೊಂಬತ್ತರವರೆಗಿನ ಅಂಕಿಗಳಲ್ಲಿ ಎರಡು ಆರಿಸಿ ಚೀಟಿ ಬರೆಸಬೇಕು. ಸಂಜೆ ಐದು ಅಂಕಿ ಬೀಳುತ್ತವೆ. ಅದರಲ್ಲಿ ನಿಮ್ಮ ಎರಡೂ ಇದ್ದರೆ ನಿಮ್ಮ ಮನೆಗೆ ಹೊಸ ತಗಡು. ಇದಕ್ಕಾಗಿ ಊರಿನವರು ಕನಸು ಕಾಣುತ್ತಿದ್ದರು, ಕಂಡ ಕನಸನ್ನು ಅಂಕಿ ಮಾಡುತ್ತಿದ್ದರು.

“ಕೇಳಿದ್ರಾ?” ಎಂದಳು ಯಾಯ್ರಾ, ಗೂಡಿನಿಂದ ಅರ್ಧ ಹೊರಬಂದು. “ಎಫೋ ಗಾಮೆಲಿ ಇಪ್ಪತ್ತಾರು ವರ್ಷದಲ್ಲಿ ಒಂದು ಮಾತು ಜಾಸ್ತಿ ಆಡಿದೋರಲ್ಲ. ಸತ್ತೋರು ಅರ್ಧ ಬಾಗಿಲು ತೆಗೆದು ಅಂಕಿ ಕೊಡ್ತಿದಾರೆ!”

“ಎಂ ಅಂದ್ರೇನೇ?” ಎಂದು ಚೀಟಿ ಬರೆಸಲು ಬಂದವಳೊಬ್ಬಳು ಕೇಳಿದಳು.

“ಅಷ್ಟೂ ಗೊತ್ತಾಗಲ್ವಾ? ಮಂಡೇ! ಇವತ್ತು ಯಾವ ವಾರ?”

“ಮತ್ತೆ ಸೊನ್ನೆ?”

“ಬಾಗಿಲು ಮುಚ್ಚಿತು ಅಂತ.”

ಅರ್ಧ ಗಂಟೆಯಲ್ಲಿ ನಿಲಯದ ಅಂಗಳ ತುಂಬಿಹೋಯಿತು. ಕಾವಲುಗಾರ ಡೊತ್ಸೆ ಗೇಟು ಹಾಕಲು ಬಂದವನು, ಗುಂಪಿನ ಮುಂದೆಯೇ ನಿಂತು ಕೇಳಿದ, “ಎಲಿಕೆಮ್ ಅಣ್ಣ, ಯಾವುದು ಗಟ್ಟಿ? ಮೂವತ್ತೊಂದು-ಮೂವತ್ತಮೂರಾ, ಮೂವತ್ತೊಂದು-ಮೂವತ್ತನಾಲ್ಕಾ?”

“ಯಾವುದೂ ಗಟ್ಟಿ ಅಲ್ಲಪ್ಪ! ಅದು ಬಣ್ಣ. ಮೂವತ್ತೊಂದು ಅಂದ್ರೆ ಕೆಂಪು ಅಷ್ಟೇ.”

ಗುಂಪು ಇನ್ನೂ ಹತ್ತಿರ ಸರಿಯಿತು.

“ಕೆಂಪು!” ಎಂದಳು ಯಾಯ್ರಾ. “ಸಾವಿಗೆ ಉಡೋ ಬಟ್ಟೆ ಬಣ್ಣ. ನೋಡಿ, ನಾನು ಹೇಳ್ಲಿಲ್ವಾ? ಅದಕ್ಕೆ ಅರ್ಥ ಇದೆ ಅಂತ ಅವನೇ ಹೇಳ್ತಿದಾನೆ.”

“ಅಯ್ಯೋ, ಅರ್ಥ ಇಲ್ಲ ದಾವಿ. ಹಸಿರಿಗೆ ಮೂವತ್ತೆರಡು, ನೀಲಿಗೆ ಮೂವತ್ತನಾಲ್ಕು. ಎಲ್ಲ ಬಣ್ಣಕ್ಕೂ ಒಂದೊಂದು ಅಂಕಿ ಇರತ್ತೆ, ಅಷ್ಟೇ.”

ಇದನ್ನು ಹೇಳಬಾರದಿತ್ತು. ಹೊಗೆ ಹಾಕಿದ ಮೀನು ಮಾರುವ ಹೆಂಗಸೊಬ್ಬಳು ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ಹತ್ತಿರ ಬಂದಳು. ಅವಳ ಧ್ವನಿ ಇದ್ದಕ್ಕಿದ್ದಂತೆ ಮೆತ್ತಗಾಗಿತ್ತು.

“ನನ್ನ ಗಂಡ ಬಂದಿದ್ದ ಕಣಪ್ಪ ಮೊನ್ನೆ ಕನಸಲ್ಲಿ. ನೀರಿನ ಮೇಲೆ ನಡ್ಕೊಂಡು. ನೇರಳೆ ಬಟ್ಟೆ ಉಟ್ಟಿದ್ದ. ಬದುಕಿದ್ದಾಗ ನೇರಳೆ ಉಟ್ಟೋನೇ ಅಲ್ಲ.”

“ನೇರಳೆಗೆ ಮೂವತ್ತೈದು,” ಎಂದ ಎಲಿಕೆಮ್. ಸತ್ಯವನ್ನೇ ಹೇಳಿದ್ದ.

“ನಂಗೆ ಒಂದು ಹಕ್ಕಿ,” ಎಂದ ಅವಳ ಹಿಂದಿದ್ದವನು. “ ಕೂಗ್ತಿತ್ತು, ಶಬ್ದ ಇಲ್ಲ. ಬೆಳ್ಳಗೆ.”

“ಬಿಳಿ, ಮೂವತ್ತೇಳು.”

“ನಮ್ಮ ಮುಳುಗಿಹೋದ ಹಳೇ ಮನೆ,” ಎಂದಳು ಮುದುಕಿಯೊಬ್ಬಳು. “ ಸಮುದ್ರದ ಕೆಳಗೆ ಹಾಗೇ ಇತ್ತು. ಒಲೆ ಉರೀತಿತ್ತು. ನೀರೆಲ್ಲ ಒಂಥರಾ ನೀಲಿನೂ ಅಲ್ಲ, ಹಸಿರೂ ಅಲ್ಲ.”

“ಅದು ಮೂವತ್ತಾರು,” ಎಂದು ಎಲಿಕೆಮ್ ನಿಧಾನವಾಗಿ ಹೇಳಿದ. “ಅದು ತುಂಬ ಚೆಂದದ ಬಣ್ಣ ಅಜ್ಜಿ.”

ಮೂರು ವರ್ಷದಲ್ಲಿ ಯಾರೊಬ್ಬರೂ ಅವನನ್ನು ಬಣ್ಣದ ಬಗ್ಗೆ ಕೇಳಿರಲಿಲ್ಲ. ಈಗ ಅಂಗಳದ ತುಂಬ ಜನ ಸಾಲು ನಿಂತು ತಮ್ಮ ಕನಸುಗಳನ್ನು ಅವನ ಮುಂದೆ ಬಿಡಿಸುತ್ತಿದ್ದರು, ಮೀನಿನ ಬಲೆ ಬಿಡಿಸಿ ಒಣಹಾಕುವವರ ಹಾಗೆ. ಬೇವಿನ ಮರದ ನೆರಳು ಕಾಲಡಿಯಿಂದ ಗೋಡೆಗೆ ಸರಿಯಿತು. ಹಿನ್ನೀರು ಮಿಣುಗುತ್ತಿತ್ತು. ತಾನು ಸಂಕಟದಲ್ಲಿದ್ದೇನೆ ಎಂಬುದೇ ಎಲಿಕೆಮ್‌ಗೆ ಮರೆತುಹೋಯಿತು.

ನೆನಪಿಸಲು ಮೇಡಂ ಅಕ್ಪೆನೆ ಬಾಗಿಲಿಗೆ ಬಂದರು.

“ಇದೇನು ರೇಡಿಯೋನೋ, ಮಂತ್ರವಾದಿ ಮನೆಯೋ?”

ಅಂಗಳ ಖಾಲಿಯಾಯಿತು. ಜನ ಬೇರೆಲ್ಲೂ ಹೋಗಲಿಲ್ಲ. ರಸ್ತೆ ದಾಟಿ ಯಾಯ್ರಾಳ ಗೂಡಿನ ಮುಂದೆ ಸಾಲು ನಿಂತರು.

“ಒಳಗೆ ಬಾ,” ಎಂದರು ಮೇಡಂ.

ಮೇಜಿನ ಮೇಲೆ ಅವನ ಕಾಗದವಿತ್ತು. ಸಹಿಯ ಜಾಗ ಖಾಲಿ. ಅವರು ಅದರ ಮೇಲೆ ಮೊಣಕೈ ಊರಿ ಕುಳಿತರು.

“ಆ ಅಂಕಿ ಬೀಳ್ಲಿಲ್ಲ ಅಂದ್ರೆ ಊರಿನೋರು ನನ್ನ ಸುಡ್ತಾರೆ. ಬಿತ್ತು ಅಂದ್ರೆ ಚರ್ಚಿನೋರು ಸುಡ್ತಾರೆ. ನಿಂಗೆ ಯಾವುದು ಇಷ್ಟ?”

“ತಪ್ಪಾಯ್ತು ಮೇಡಂ. ಸರಿ ಮಾಡ್ತೀನಿ.”

“ಮಾಡು. ಐದು ಗಂಟೆ ಪ್ರಕಟಣೆಗೆ ನೀನೇ ಹೋಗಿ ಮೈಕ್ ಮುಂದೆ ಕೂತು, ಇದು ಲಾಟರಿ ಅಲ್ಲ ಅಂತ ಹೇಳು. ಚೆನ್ನಾಗಿ ಹೇಳಿದ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಬ್ಯಾಗು ಎತ್ಕೋ.”

ಎಲಿಕೆಮ್ ಬಾಗಿಲವರೆಗೆ ಹೋಗಿದ್ದ.

“ಎಲಿಕೆಮ್.”

“ಮೇಡಂ?”

ಅವರು ಕಿಟಕಿಯ ಕಡೆ ಮುಖ ಮಾಡಿದ್ದರು. “ಸುಮ್ನೆ ತಿಳ್ಕೊಳ್ಳೋಕೆ ಕೇಳ್ತಿದೀನಿ. ಯಾರಿಗಾದ್ರೂ ಕನಸಲ್ಲಿ ಅವರಮ್ಮ ಬಂದು, ಒಂದು ಲೋಟ ನೀರು ಕೊಟ್ರು ಅನ್ಕೋ. ನೀರಿಗೆ ಬಣ್ಣ ಇರಲ್ಲ. ಅಂಥದಕ್ಕೆ... ನಿನ್ನ ಮಿಷನ್ನಲ್ಲಿ ಏನಾದ್ರೂ ಇರತ್ತಾ?”

“ಇದೆ ಮೇಡಂ. ಮೂವತ್ತೊಂಬತ್ತು. ಯಾವ ಬಣ್ಣನೂ ಹಾಕದೆ, ಅದು ತಾನಾಗೇ ಹೇಗಿರತ್ತೋ ಹಾಗೆ ಬಿಡೋದು.”

“ಹೌದಾ,” ಎಂದರು ಮೇಡಂ. “ಹೋಗು, ಕೆಲಸ ನೋಡು. ಹಾಗೇ ಡೊತ್ಸೆನ ಒಳಗೆ ಕಳಿಸು.”

ಸ್ವಲ್ಪ ಹೊತ್ತಿನಲ್ಲಿ ಡೊತ್ಸೆ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ರಸ್ತೆ ದಾಟುವುದು ಕಾಣಿಸಿತು. ಎಲಿಕೆಮ್ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಸ್ಕ್ರಿಪ್ಟಿಗೆ ಒಂದೇ ಒಂದು ಸಾಲು ಸೇರಿಸಿದ: ನಿನ್ನ ಮುಂದಿರುವುದು ಪರದೆಯೋ ಕಾಗದವೋ ಮೊದಲು ನೋಡಿಕೋ, ಪರದೆಯಾದರೆ ಬಣ್ಣ ಕೊಡು, ಕಾಗದವಾದರೆ ಸುಮ್ಮನಿರು. ಇಷ್ಟು ಸಣ್ಣ ಬುದ್ಧಿಯನ್ನು ಯಂತ್ರಕ್ಕೆ ಬೆಳಗ್ಗೆಯೇ ಹೇಳಿದ್ದರೆ ಮಧ್ಯಾಹ್ನದ ಊಟವಾದರೂ ಆಗುತ್ತಿತ್ತು.

ಐದಕ್ಕೆ ಮೈಕಿನ ಮುಂದೆ ಕುಳಿತ. ಎಫೋ ಗಾಮೆಲಿ ಎದ್ದು ಕುರ್ಚಿ ಕೊಟ್ಟು, “ಕಾಗದದಲ್ಲಿ ಇರೋದಷ್ಟೇ ಓದು ಮಗಾ,” ಎಂದರು. ಎಲಿಕೆಮ್‌ನ ಬಳಿ ಕಾಗದವೇ ಇರಲಿಲ್ಲ.

“ಊರಿನವರೇ,” ಎಂದ. “ಮಧ್ಯಾಹ್ನ ನೀವು ಕೇಳಿದ ಅಂಕಿ ಸತ್ತೋರದ್ದಲ್ಲ, ನಂದು. ನಾನು ಪರದೆಗೆ ಬಣ್ಣ ಹಾಕಕ್ಕೆ ಹೋದೆ, ಅದು ಕಾಗದದ ಮೇಲೆ ಸೋರಿಬಿಡ್ತು. ಮೂವತ್ತೊಂದು ಅಂದ್ರೆ ಬರೀ ಕೆಂಪು. ಕೆಂಪು ಕೆಂಪಾಗಿದ್ರೆ ಸಾಲ್ದಾ? ಈಗ ಹೊರಗೆ ಬಂದು ಹಿನ್ನೀರು ನೋಡಿ. ದಿನಾ ಈ ಹೊತ್ತಿಗೆ ಅಷ್ಟು ಬಣ್ಣ ಬರತ್ತೆ, ಅದರ ಅಂಕಿ ಎಷ್ಟು ಅಂತ ಯಾರಾದ್ರೂ ಕೇಳಿದೀವಾ? ನಿಮ್ಮ ಗಂಡ ನೇರಳೆ ಉಟ್ಕೊಂಡು ಬಂದಿದ್ರೆ, ನಿಮ್ಮನ್ನ ನೋಡಕ್ಕೆ ಬಂದಿದ್ದು. ನಿಮ್ಮಮ್ಮ ನೀರು ಕೊಟ್ಟಿದ್ರೆ, ನಿಮಗೆ ಬಾಯಾರಿತ್ತು ಅಂತ ಕೊಟ್ಟಿದ್ದು. ಅದನ್ನ ಮಾರ್ಕೋಬೇಡಿ. ಈ ಯಂತ್ರಕ್ಕೆ ಏನೂ ಗೊತ್ತಿಲ್ಲ. ನಂಗೂ ಏನೂ ಗೊತ್ತಿಲ್ಲ.”

ಕೆಂಪು ದೀಪ ಆರಿತು. ಗಾಮೆಲಿ ಕಣ್ಣೊರೆಸಿಕೊಂಡರು.

ಊರೆಲ್ಲ ಕೇಳಿತು.

“ಎಷ್ಟು ಚೆನ್ನಾಗಿ ಮುಚ್ಚಿಡ್ತಾನೆ ನೋಡಿ,” ಎಂದಳು ಯಾಯ್ರಾ. “ಮೇಲಿನೋರು ಹೆದರಿಸಿರ್ಬೇಕು. ಹಾಗಾದ್ರೆ ಅಂಕಿ ಗಟ್ಟಿ.” ಇನ್ನೊಂದು ಚೀಟಿ ಬರೆಸಲು ಎಲ್ಲರೂ ಮತ್ತೆ ಸಾಲು ನಿಂತರು.

ಏಳು ಹೊಡೆಯುವ ಮೊದಲೇ ಫಲಿತಾಂಶ ಬಂತು. ಯಾಯ್ರಾ ಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದೊಂದಾಗಿ ಬರೆದಳು. ಎಂಟು. ಎಪ್ಪತ್ತೆರಡು. ಮೂವತ್ತೊಂದು.

ಊರು ಕೂಗಿದ ಕೂಗಿಗೆ ಹಿನ್ನೀರಿನ ಕೊಕ್ಕರೆಗಳು ಎದ್ದುಹೋದವು. ಇನ್ನೊಂದು ಬಿದ್ದರೆ ಸಾಕು. ಐವತ್ತನಾಲ್ಕು. ಕೊನೆಯದಕ್ಕೆ ಯಾಯ್ರಾಳ ಕೈ ಎರಡು ಸಲ ನಿಂತಿತು.

ಮೂವತ್ತೊಂಬತ್ತು.

“ಅದ್ಯಾವ ಬಣ್ಣಾನೋ!” ಎಂದು ಮೀನಿನ ಹೆಂಗಸು ಕಿರುಚಿದಳು. “ನಮಗೆ ಅದನ್ನ ಯಾಕೋ ಹೇಳ್ಲಿಲ್ಲ?”

“ನೀವ್ಯಾರೂ ಕೇಳ್ಲಿಲ್ವಲ್ಲ!” ಎಂದು ಗೇಟಿನ ಒಳಗಿನಿಂದ ಕೂಗಿದ ಎಲಿಕೆಮ್, ಹಾರಿಬಂದ ಒಂದು ಚಪ್ಪಲಿಯನ್ನು ತಪ್ಪಿಸಿಕೊಳ್ಳುತ್ತ. ಆಮೇಲೆ ನಿಂತುಬಿಟ್ಟ. ಒಬ್ಬರು ಕೇಳಿದ್ದರು.

ಮೇಡಂ ಅಕ್ಪೆನೆಯವರ ಬಾಗಿಲು ಅರ್ಧ ತೆರೆದಿತ್ತು.

ಅವರು ಮೇಜಿನ ಮೇಲೆ ಬಾಗಿ, ಗೋಂದಿನ ಬಾಟಲಿ ಹಿಡಿದು, ಅಕ್ಕಿಕಾಳಿನಷ್ಟು ಸಣ್ಣ ಕಾಗದದ ಚೂರುಗಳನ್ನು ಒಂದು ಹಾಳೆಯ ಮೇಲೆ ಜೋಡಿಸುತ್ತಿದ್ದರು. ಒಂದು ಚೂರಿನಲ್ಲಿ ಮೂವತ್ತೊಂದರ ಒಂದು, ಇನ್ನೊಂದರಲ್ಲಿ ಮೂವತ್ತೊಂಬತ್ತರ ಒಂಬತ್ತು. ಅವನನ್ನು ನೋಡಿ ಕಣ್ಣು ತುಂಬಿಕೊಂಡರು.

“ಐದು ಗಂಟೆಗೆ ಚೀಟಿ ಹರಿದು ಹಾಕ್ದೆ,” ಎಂದರು. “ನಮ್ಮಮ್ಮ ಕೊಟ್ಟ ನೀರನ್ನ ಮಾರ್ಕೊಳ್ತಿದೀನಲ್ಲ ಅಂತ ನಾಚಿಕೆ ಆಯ್ತು. ಈ ಊರಲ್ಲಿ ನಿನ್ನ ಮಾತು ನಂಬಿದ್ದು ನಾನೊಬ್ಳೇ ಕಣೋ.”

“ನೀವೇ ಹೇಳು ಅಂದಿದ್ರಲ್ಲ ಮೇಡಂ...”

“ಹೇಳು ಅಂದೆ. ಅಷ್ಟು ನಂಬೋ ಹಾಗೆ ಹೇಳು ಅಂತ ಯಾರು ಅಂದ್ರು?”

ಎಲಿಕೆಮ್ ತಲೆತಗ್ಗಿಸಿದ. ಆಗ ಅವನ ಕಣ್ಣು ಆ ಹಾಳೆಯ ಮೇಲೆ ಬಿತ್ತು. ದಪ್ಪ, ಒಳ್ಳೆಯ ಕಾಗದ. ಮೇಲ್ಗಡೆ ನಿಲಯದ ಮುದ್ರೆ. ಕೆಳಗಡೆ, ಚೂರುಗಳ ನಡುವೆ, ಅವನ ಹೆಸರು. ಅದರ ಮುಂದೆ ‘ಕಾಯಂ’. ಇನ್ನೂ ಕೆಳಗೆ ನೀಲಿ ಶಾಯಿಯಲ್ಲಿ ದೊಡ್ಡದಾದ ಸಹಿ.

“ನಿನ್ನ ಮಾತು ಮುಗಿದ ತಕ್ಷಣ ಹಾಕಿದ್ದು,” ಎಂದರು ಮೇಡಂ, ಮೂಗು ಒರೆಸಿಕೊಳ್ಳುತ್ತ. “ಅಂಟಿಸೋಕೆ ಕೈಗೆ ಸಿಕ್ಕ ಗಟ್ಟಿ ಕಾಗದ ಇದೊಂದೇ.” ಚೂರುಗಳನ್ನು ಅಂಗೈಯಿಂದ ಒತ್ತಿದರು. ಸಹಿಯ ಶಾಯಿ ಗೋಂದಿನಲ್ಲಿ ಕರಗಿ, ಹಿನ್ನೀರಿನ ಅಂಚಿನಂತೆ ಹರಡಿತು. “ಡೊತ್ಸೆ! ಇದನ್ನ ತಗೊಂಡ್ಹೋಗಿ ಯಾಯ್ರಾಗೆ ತೋರ್ಸು. ನನ್ನದು ಅನ್ಬೇಡ.”

ಡೊತ್ಸೆ ಟೋಪಿ ಎಳೆದುಕೊಂಡು ಹೋದ. ಐದು ನಿಮಿಷದಲ್ಲಿ ಬರಿಗೈಯಲ್ಲಿ ಬಂದ.

“ಹರಿದ ಚೀಟಿ ನಡೆಯಲ್ವಂತೆ ಮೇಡಂ. ಕಾಗದ ಗಟ್ಟಿಯಾಗಿದೆ ಅಂತ ಗೂಡಿನ ತೂತಿಗೆ ಇಟ್ಕೊಂಡ್ಳು. ಅದರ ಮೇಲಿನ ಹೆಸರು ಗೋಂದಲ್ಲಿ ಮುಚ್ಚಿಹೋಗಿತ್ತು, ಯಾರಪ್ಪ ಈ ಕಾಯಂ ಆಸಾಮಿ ಅಂತ ಕೇಳಿದ್ಳು.”

ಗೋಡೆಯ ಗಡಿಯಾರ ಏಳು ಹೊಡೆಯಿತು. ಮೂರು ವರ್ಷ ಮುಗಿಯಿತು.

ಮೇಡಂ ಅಕ್ಪೆನೆ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮನೆಗೆ ಕಳಿಸಿದರೆ ಅವನು ಹೊರಗೆ ಹೋಗಿ, ಮೂವತ್ತೊಂಬತ್ತನ್ನು ಯಾರು ಕೇಳಿದ್ದರು ಎಂದು ಹೇಳಬಹುದು. ಕಾಯಂ ಮಾಡಿದರೆ ದಿನವೂ ಆ ಮುಖ ನೋಡಬೇಕು. ಡ್ರಾಯರ್ ಎಳೆದು ಒಂದು ತೆಳುವಾದ ಹಾಳೆ ತೆಗೆದರು.

“ನಾಳೆಯಿಂದ ಮತ್ತೆ ಮೊದಲಿನಿಂದ,” ಎಂದರು. “ಹಂಗಾಮಿ. ಮೂರು ವರ್ಷ.”

ಎಲಿಕೆಮ್ ತನ್ನ ಮೇಜಿಗೆ ಬಂದು ಕುಳಿತ. ಕಿಟಕಿಯಾಚೆ ಹಿನ್ನೀರು ಕೊನೆಯ ಕೆಂಪನ್ನೂ ಬಿಟ್ಟುಕೊಟ್ಟು, ಯಾವ ಬಣ್ಣವೂ ಇಲ್ಲದೆ, ತಾನಾಗೇ ಹೇಗಿರುತ್ತದೋ ಹಾಗಿತ್ತು. ಪಟ್ಟಿಯ ಸ್ಕ್ರಿಪ್ಟ್ ತೆರೆದ. ತನ್ನ ಹೆಸರಿನ ಹಿಂದಿದ್ದ ಮೂವತ್ತೆರಡನ್ನು ಅಳಿಸಿ, ಮೂವತ್ತೊಂಬತ್ತು ಎಂದು ಒತ್ತಿದ.

ಬೆನ್ನ ಹಿಂದೆ ಯಾರೋ ಉಸಿರಾಡಿದಂತಾಯಿತು. ಡೊತ್ಸೆ ಪರದೆಯ ಮೇಲೆ ಬಾಗಿದ್ದ.

“ಮತ್ತೆ ಅದೇನಾ ಅಣ್ಣ?” ಎಂದು ಪಿಸುಗುಟ್ಟಿದ. “ನಾಳೆಗೂ?”

ಉತ್ತರಕ್ಕೂ ಕಾಯದೆ, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು, ರಸ್ತೆ ದಾಟಿ ಓಡಿದ.